ಹುಚ್ಚವ್ವನ ಖುಷಿ

"ಇವತ್ತ ಹುಚ್ಚವ್ವಗ ಖುಷಿ ಆಗಿದ್ದು ಏನಿದ್ದೀತು?" ಆಫೀಸಿನ ಗುಮಾಸ್ತೆ ನಾಜಮೀನ ಗೋಡೆಗೇ ಕೇಳಿದಳು. ಗಜೇಂದ್ರಗಡದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಯುವ ಹೆಣ್ಣುಮಕ್ಕಳ ಫೋನುಗಳೆಲ್ಲ ಅವಳ ಮೇಜಿನ ಮೇಲೆ ಸಾಲಾಗಿದ್ದವು. ನೌಕರರ ನೆಮ್ಮದಿಗೆಂದೇ ನಡೆಯುವ ಆನ್‌ಲೈನ್ ತರಬೇತಿಯ ಪ್ರಶ್ನೆ ಅದು. ಹೊಲಿಗೆ ನಿಲ್ಲದಂತೆ ಎಲ್ಲರ ಉತ್ತರವನ್ನೂ ಅವಳೊಬ್ಬಳೇ ಬರೆಯಬೇಕೆಂದು ಮ್ಯಾನೇಜರನ ಅಪ್ಪಣೆ. ಒಲ್ಲೆನೆಂದರೆ ಕೆಲಸಕ್ಕೇ ಕುತ್ತು.

ಅವಳು ಹುಚ್ಚವ್ವನ ಫೋನು ಎತ್ತಿಕೊಂಡು ಮಶೀನಿನ ಬಳಿಗೇ ಹೋದಳು. "ಯವ್ವಾ, ಇವತ್ತ ನಿನಗ ಏನ ಖುಷಿ ಆತು ಅಂತ ಕೇಳಾಕತ್ತಾರ. ನೀನ ಹೇಳ."

"ನನಗ? ಗಂಡ ಅನ್ನಾಂವನೂ ಹಿಂಗ ಕೇಳಿಲ್ಲ ನೋಡ!" ಹುಚ್ಚವ್ವ ಮಶೀನು ನಿಲ್ಲಿಸಿ ಫೋನು ಹಿಡಿದಳು. "ಮುಂಜಾನೆ ಮಗಳು ನನ್ನ ತಲಿ ಹಿಕ್ಕಿ ಜಡಿ ಹಾಕಿದ್ಲು." ಸುತ್ತಲಿನ ಮಶೀನುಗಳೂ ಒಂದೊಂದಾಗಿ ನಿಂತವು. ನಗುತ್ತ ಎಲ್ಲರೂ ಮೇಜಿನ ಮೇಲಿದ್ದ ತಮ್ಮ ಫೋನು ತರಲು ಎದ್ದರು.

ಮ್ಯಾನೇಜರ್ ಓಡಿಬಂದ. "ನಾಜಮೀನ, ಎಲ್ಲಾರದೂ ನೀನ ಬರದ ಮುಗಸವಾ, ಕೈ ಮುಗೀತೀನಿ."

"ನಂದಷ್ಟ ಬರೀತೀನ್ರಿ ಸರ್. ಇವರದು ಬರಿಯೂದಿಲ್ಲ."