ಕಂಪೌಂಡರ ತಕರಾರು

ಗರಗಸದ ಸದ್ದು ತಟ್ಟನೆ ನಿಂತಿತು. ಬಿಲ್ಡರ್ ಕಾರಿನಿಂದ ಇಳಿದು ನೋಡಿದರೆ, ಎದುರುಮನೆಯ ನಿವೃತ್ತ ಕಂಪೌಂಡರು ಅತ್ತಿಮರದ ಬೊಡ್ಡೆಗೆ ಬೆನ್ನು ಕೊಟ್ಟು ಕೂತಿದ್ದರು. ಕೈಯಲ್ಲಿ ನಗರಸಭೆಯ ತಡೆಯಾಜ್ಞೆ.

ಬಿಲ್ಡರಿಗೆ ತಲೆಬುಡ ತಿಳಿಯಲಿಲ್ಲ. ಮರ ಕಡಿಯಲು ಆಕ್ಷೇಪಣೆ ಇದೆಯೇ ಎಂದು ಬೀದಿಯವರನ್ನು ಕೇಳಿದಾಗ ಮೊದಲು ಒಪ್ಪಿದವರೇ ಇವರು. "ಕಡೀರಿ ಸರ್. ಬಾಗಿಲು ತೆಗೆದ್ರೆ ಅದೇ ಕಾಣತ್ತೆ, ಸಾಕಾಗಿದೆ" ಎಂದಿದ್ದರು.

ಆಮೇಲೆ ಒಂದು ದಿನ ಬಿಲ್ಡರ್ ತನ್ನ ಮಗನಿಗೆ ಜಾಗ ತೋರಿಸಲು ಕರೆತಂದಿದ್ದ. ಮಗ ಕಾರಿನಿಂದ ಇಳಿಯಲೇ ಇಲ್ಲ. ಕಂಪೌಂಡರು ಮಾತ್ರ ಗೇಟು ಹಿಡಿದು ಕಾರಿನತ್ತಲೇ ದಿಟ್ಟಿಸುತ್ತ ನಿಂತಿದ್ದರು. ಮರುದಿನವೇ ಅವರು ನಗರಸಭೆಗೆ ತಕರಾರು ಕೊಟ್ಟಿದ್ದರು. ದೊಡ್ಡ ಕಾರು ಕಂಡು ಮುದುಕನಿಗೆ ಆಸೆ ಹುಟ್ಟಿದೆ ಎಂದುಕೊಂಡ ಬಿಲ್ಡರ್, ಕಟ್ಟಲಿರುವ ಕಟ್ಟಡದ ಕೆಳಗಿನ ಮಳಿಗೆಯೊಂದನ್ನು ಕೊಡುವುದಾಗಿ ಹೇಳಿ ಕಳಿಸಿದ. ಹೋದವನ ಮುಖಕ್ಕೆ ಬಾಗಿಲು ಮುಚ್ಚಿತು.

ನಗರಸಭೆಯಿಂದ ಮರಗಳ ಅಧಿಕಾರಿ ಬಂದಳು. ಬೇರು ಹಬ್ಬಿದ ದೂರ ಅಂದಾಜು ಮಾಡಿ ಸುತ್ತ ಸುಣ್ಣದ ಗೆರೆ ಎಳೆಸಿದಳು. ಇದರೊಳಗೆ ಪಾಯ ತೋಡುವಂತಿಲ್ಲ ಎಂದಳು. ರಸ್ತೆಯ ಬದಿಗೆ ತೊಗಟೆ ಹರಿದ ಹಳೆಯ ಗಾಯವೊಂದಿತ್ತು. ಮಾಗಿದೆ, ಮರ ಗಟ್ಟಿಮುಟ್ಟಾಗಿದೆ ಎಂದಳು. ಕಟ್ಟಡ ಹಿಂದೆ ಸರಿಯಬೇಕು. ಆದರೆ ಹಿತ್ತಲ ಕಡೆಯ ಸಣ್ಣ ಮರಗಳಿಗೆ ಏನು ಗತಿ ಎಂದು ಅವಳು ಯೋಚಿಸುತ್ತಿದ್ದಾಗ ಕಂಪೌಂಡರು ಬಾಯಿ ಹಾಕಿದರು.

"ಅವನ್ನ ಬೇಕಾದ್ರೆ ಕಡೀಲಿ. ಇದೊಂದು ಉಳಿದ್ರೆ ಸಾಕು."

ಅಧಿಕಾರಿ ಅವರ ಮುಖವನ್ನೇ ನೋಡಿದಳು.

ಬಿಲ್ಡರನ ಮನೆಯಲ್ಲಿ ಬೇರೆಯೇ ರಗಳೆ. ಎಂದೂ ದನಿ ಎತ್ತದ ಮಗ, ಆ ಮರ ಇದ್ದರೆ ತಾನು ಅಲ್ಲಿಗೆ ಬರುವುದೇ ಇಲ್ಲವೆಂದು ಊಟದ ತಟ್ಟೆ ಬಿಟ್ಟು ಎದ್ದ. ಸೊಸೆಗೆ ಮರವೆಂದರೆ ಪ್ರಾಣ. ಹುಟ್ಟುವ ಮಗು ಅದರ ನೆರಳಲ್ಲಿ ಆಡಲಿ ಮಾವ ಎಂದು ಗೋಗರೆದಳು. ಬಿಲ್ಡರ್ ಅವಳ ಮಾತಿಗೆ ಕರಗಿದ. ನಕ್ಷೆ ಬದಲಾಯಿತು.

ತಕರಾರು ಹಿಂಪಡೆಯುವ ಒಪ್ಪಂದದ ದಿನ ಕಂಪೌಂಡರು ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮ ಮನೆಯೋರೆಲ್ಲ ಯಾವ ಕಡೆ ಇರ್ತಾರೆ?"

ಮೊದಲ ಮಹಡಿಯಲ್ಲಿ, ಮರದ ಎದುರಿಗೇ, ಮಗ ಸೊಸೆ ಇರುತ್ತಾರೆ ಎಂದ ಬಿಲ್ಡರ್. ಕಂಪೌಂಡರು ಸಹಿ ಹಾಕಿದರು.

ಕಟ್ಟಡ ಎದ್ದಿತು. ಸಾಮಾನು ಇಳಿಸುತ್ತಿದ್ದ ದಿನ ಮಗನ ಕೋಣೆಯ ಪರದೆ ಎಳೆದೇ ಇತ್ತು. ಸೊಸೆ ಬಂದು ಅದನ್ನು ಸರ್ರನೆ ಸರಿಸಿದಳು. ಕೆಳಗೆ ಬಿಲ್ಡರ್, ಹಳೆಯ ಜಗಳ ಮರೆತು, ಕಂಪೌಂಡರ ಹೆಗಲ ಮೇಲೆ ಕೈಯಿಟ್ಟ. "ಅಂತೂ ಮರ ಉಳಿಸಿಕೊಂಡ್ರಿ. ಈಗ ಸಮಾಧಾನವಾ?"

ಕಂಪೌಂಡರು ಆ ಕೈಯನ್ನು ಮೆಲ್ಲನೆ ಇಳಿಸಿದರು. ಮೇಲಿನ ಕಿಟಕಿಯಲ್ಲಿ ಮಗ ನಿಂತಿದ್ದ.

"ನನಗೆಲ್ಲಿ ಸಮಾಧಾನ ಸರ್. ನನ್ನ ಮೊಮ್ಮಗಳನ್ನ ಈ ಬೊಡ್ಡೆಗೆ ಒತ್ತಿ ಸಾಯಿಸಿದ ಕಾರಿಂದ ಒಬ್ಬ ಇಳಿದು, ಅವಳ ಮುಖ ನೋಡಿ, ಮತ್ತೆ ಕಾರು ಹತ್ತಿ ಹೋದ. ಗೇಟಿಂದ ನೋಡಿದ್ದು ನಾನೊಬ್ಬನೇ, ಬೇರೆ ಸಾಕ್ಷಿ ಇಲ್ಲ ಅಂತ ಪೊಲೀಸರು ಕೇಸು ಮುಚ್ಚಿದ್ರು. ಇನ್ಮೇಲೆ ಬೆಳಗ್ಗೆ ಎದ್ದರೆ ನನ್ನ ಹಾಗೇ ನಿಮ್ಮ ಮಗನೂ ಇದನ್ನೇ ನೋಡ್ಲಿ."