ಐದು ಚಮಚ

ಬಾಗಿಲು ದೂಡಿದ ದಾದಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ಕಿಟಕಿಯ ಪರದೆ ಎಳೆದಿತ್ತು, ಫ್ಯಾನು ನಿಂತಿತ್ತು. ಚಕ್ರದ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿದ್ದ ಏಳು ವರ್ಷದ ಹುಡುಗಿಯ ಬಾಯಿಂದ ಆಯಾ ಒಂದು ಚಮಚವನ್ನು ನಿಧಾನವಾಗಿ ಹೊರತೆಗೆಯುತ್ತಿದ್ದಳು.

ಆ ಬಾಯಿಗೆ ಹನಿ ನೀರೂ ಬೀಳಕೂಡದು. ನುಂಗುವ ಶಕ್ತಿ ಹುಟ್ಟಿನಿಂದಲೇ ಇಲ್ಲ. ಬಾಯಿಗೆ ಹಾಕಿದ್ದು ಹೊಟ್ಟೆಯ ಹಾದಿ ಬಿಟ್ಟು ಶ್ವಾಸಕೋಶಕ್ಕೆ ಇಳಿದೀತು. ಅದಕ್ಕೆಂದೇ ಹೊಟ್ಟೆಗೆ ನೇರವಾಗಿ ನಳಿಕೆ ಜೋಡಿಸಿದ್ದರು. ಶಾಲೆಯ ಈ ಆರೈಕೆ ಕೊಠಡಿಯಲ್ಲಿ ದಾದಿಯೇ ದ್ರವಾಹಾರ ಅಳೆದು ಅದರಲ್ಲಿ ಇಳಿಸುತ್ತಿದ್ದಳು. ದಿನವೂ ಹನ್ನೊಂದೂವರೆಗೆ ಉಳಿದ ನಾಲ್ಕು ಮಕ್ಕಳನ್ನು ಅಂಗಳಕ್ಕೆ ಕರೆದೊಯ್ಯುವವಳು ಅಂದು ಬೇಗ ಮರಳಿದ್ದಳು. ಕೈ ಎತ್ತದೆ ಊಟ ಮಾಡುವವಳೆಂದು ಆಯಾ ಹುಡುಗಿಗೆ ಮಹಾರಾಣಿ ಎಂದು ಹೆಸರಿಟ್ಟಿದ್ದಳು.

ಆಯಾ ಬೆಚ್ಚಲಿಲ್ಲ. ನಕ್ಕಳು. “ಬನ್ನಿ ಸಿಸ್ಟರ್, ಒಳ್ಳೇ ಹೊತ್ತಿಗೆ ಬಂದ್ರಿ. ಇದು ನಾಲ್ಕನೇದು. ಮಹಾರಾಣಿಯವರಿಗೆ ಇನ್ನೊಂದು ಬೇಕಂತೆ.”

ಬಟ್ಟಲಲ್ಲಿ ನುಣ್ಣಗೆ ಕಿವುಚಿದ ಬಾಳೆಹಣ್ಣಿತ್ತು.

“ಮಗೂನ ಕೊಲ್ಬೇಕು ಅಂತಿದೀರಾ?” ದಾದಿಯ ಕೂಗಿಗೆ ಹುಡುಗಿ ನಡುಗಿದಳು.

ಆಯಾಳ ನಗು ಕರಗಿತು. ಒಂದು ಗಳಿಗೆ ದಾದಿಯ ಮುಖವನ್ನೇ ದಿಟ್ಟಿಸಿ, ದನಿ ತಗ್ಗಿಸಿದಳು. “ಸಿಸ್ಟರ್, ಇದನ್ನ ದೊಡ್ಡದು ಮಾಡ್ಬೇಡಿ. ನಿಮಗೇ ತೊಂದರೆ. ಬನ್ನಿ, ನಮ್ಮಿಬ್ಬರಲ್ಲೇ ಮಾತಾಡೋಣ.”

ಬೆದರಿಕೆ ಬೇರೆ! “ನಮ್ಮಿಬ್ಬರಲ್ಲಿ ಮಾತಾಡೋದು ಏನಿದೆ? ಏನಿದ್ರೂ ಮೇಡಂ ಎದುರಿಗೇ ಹೇಳಿ.”

ಮುಖ್ಯೋಪಾಧ್ಯಾಯಿನಿ ಇಬ್ಬರನ್ನೂ ನಿಲ್ಲಿಸಿಯೇ ವಿಚಾರಿಸಿದರು. “ಹೋದ ವರ್ಷ ಔಷಧಿ ಪಟ್ಟಿ ತಪ್ಪಿದಾಗಲೇ ಆಡಳಿತ ಮಂಡಳಿ ಹೇಳಿದೆ. ಈ ಕೊಠಡಿಯ ಕಾಗದಪತ್ರದಲ್ಲಿ ಇನ್ನೊಂದು ತಪ್ಪಾದರೆ ಬೀಗ. ಐದು ಮಕ್ಕಳೂ ಮನೆಗೆ. ಅವರನ್ನ ಬೇರೆ ಯಾವ ಶಾಲೆ ಸೇರಿಸ್ಕೊಳ್ಳುತ್ತೆ ಹೇಳಿ?” ಆಯಾಳತ್ತ ತಿರುಗಿದರು. “ಯಾರ ಮಾತು ಕೇಳಿ ಹೀಗೆ ಮಾಡಿದ್ರಿ?”

ಆಯಾ ದಾದಿಯನ್ನೊಮ್ಮೆ ನೋಡಿದಳು. ನೆಲ ನೋಡಿದಳು.

“ಯಾರ ಮಾತೂ ಇಲ್ಲ ಮೇಡಂ. ಆಸೆಪಟ್ಟು ಕೊಟ್ಟೆ. ಸಿಸ್ಟರಿಗೆ ಏನೂ ಗೊತ್ತಿಲ್ಲ.”

ಅಂದೇ ಮಧ್ಯಾಹ್ನ, ಹತ್ತೊಂಬತ್ತು ವರ್ಷ ದುಡಿದ ಆ ಹೆಂಗಸು ಗೇಟು ದಾಟಿದಳು.

ಕರ್ತವ್ಯ ಮಾಡಿದವರಿಗೆ ನೆಮ್ಮದಿಯಾದರೂ ದಕ್ಕಬೇಕು. ದಾದಿಗೆ ಅದೂ ದಕ್ಕಲಿಲ್ಲ. ಫಿಟ್ಸ್ ಬಂದ ಮಗುವನ್ನು ಹೇಗೆ ಒರಗಿಸಿ ಹಿಡಿಯಬೇಕೆಂದು ಮೊದಲ ವಾರ ತನಗೆ ತೋರಿಸಿಕೊಟ್ಟವಳು ಇದೇ ಆಯಾ. ಇರಲಿ, ಅಕ್ಕರೆ ಅಳತೆ ಮೀರಿದರೆ ಅದೂ ಅಪರಾಧವೇ. ಉಂಡ ಮನೆಗೆ ಎರಡು ಬಗೆಯುವವರನ್ನು ಕಂಡೂ ಕಾಣದಂತಿರುವುದು ಇನ್ನೂ ದೊಡ್ಡ ಅಪರಾಧ. ಹೀಗೆಂದು ತನಗೆ ತಾನೇ ಎಷ್ಟು ಬಾರಿ ಪಾಠ ಹೇಳಿಕೊಂಡರೂ ಎದೆಯೊಳಗಿನ ಮುಳ್ಳು ಅಲುಗಲಿಲ್ಲ.

ಏಕೆಂದರೆ ದಿನವೂ ಹನ್ನೊಂದೂವರೆಗೆ ಬಾಗಿಲು ಸದ್ದಾದರೆ ಮಹಾರಾಣಿ ಬಾಯಿ ತೆರೆಯುತ್ತಿದ್ದಳು. ಗೂಡಿನ ಮರಿಯಂತೆ, ಅಗಲವಾಗಿ. ಒಳಬಂದ ದಾದಿ ಆ ತೆರೆದ ಬಾಯನ್ನು ಟವೆಲಿನಿಂದ ಒರೆಸಿ, ಗಲ್ಲ ಎತ್ತಿ, ಮೆಲ್ಲನೆ ಮುಚ್ಚುತ್ತಿದ್ದಳು. ಮುಚ್ಚುವಾಗ ಬೇರೆಲ್ಲೋ ನೋಡುತ್ತಿದ್ದಳು.

ಮೂರನೆಯ ವಾರ ಹುಡುಗಿ ಬಾಯಿ ತೆರೆಯುವುದನ್ನೇ ಬಿಟ್ಟಳು.

ಅದರ ಮಾರನೆಯ ದಿನ ಅವಳ ತಾಯಿ ಬಂದಳು. ಕೂರು ಎಂದರೂ ಕೂರಲಿಲ್ಲ.

“ಸಿಸ್ಟರ್, ಆಯಾನ ವಾಪಸ್ ಕರೆಸಿ.”

“ಏನಮ್ಮಾ ಇದು! ನಿನ್ನ ಮಗಳ ಜೀವ ಉಳಿಸೋಕೆ ನಾನು ಎಲ್ಲರ ಕೈಲೂ ಕಟುಕಿ ಅನ್ನಿಸ್ಕೊಂಡೆ. ನೀನೇ ಬಂದು ಹೀಗಂತೀಯಾ?”

“ಅವಳು ಮನೇಲೂ ಬಾಯಿ ಬಿಡ್ತಿಲ್ಲ ಸಿಸ್ಟರ್. ನಿನ್ನೆ ಆಸ್ಪತ್ರೆಯಲ್ಲಿ ತೋರಿಸ್ದೆ. ಇನ್ನೆರಡು ವಾರ ಹೀಗೇ ಬಿಟ್ರೆ ಕಲಿತಿದ್ದನ್ನೆಲ್ಲ ಮರೀತಾಳೆ ಅಂದ್ರು.”

“ಕಲಿತಿದ್ದು? ಏನು ಕಲಿತಿದ್ದು?”

“ನುಂಗೋದು.” ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಅಲ್ಲಿ ಕಲಿಸುವಾಗ ಆಯಾನೂ ರಜೆ ಹಾಕಿ ನನ್ನ ಜೊತೆ ಬಂದಿದ್ರು. ನೆಟ್ಟಗೆ ಕೂರಿಸ್ಬೇಕು, ಸುತ್ತ ಸದ್ದಿರಬಾರದು, ಒಂದು ಗುಟುಕು ಇಳಿದ ಮೇಲೇ ಇನ್ನೊಂದು. ಎಲ್ಲ ಅವರೇ ನನಗಿಂತ ಚೆನ್ನಾಗಿ ಕಲಿತ್ರು.”

“ಮತ್ತೆ ಅವತ್ತು ಸಂಜೆ ಮೇಡಂ ಫೋನ್ ಮಾಡಿದಾಗ ನೀನ್ಯಾಕೆ ಹೇಳಲಿಲ್ಲ?”

“ಅದಕ್ಕೂ ಮುಂಚೆ, ಮಗಳನ್ನ ಕರ್ಕೊಂಡು ಹೋಗೋಕೆ ಬಂದಾಗ, ಗೇಟಿನ ಹತ್ರ ಆಯಾ ನನ್ನಿಂದ ಆಣೆ ಹಾಕಿಸ್ಕೊಂಡ್ರು. ‘ಬಾಯಿ ಬಿಡಬೇಡ ಕಣಮ್ಮಾ, ನನ್ನೊಬ್ಬಳ ಕೆಲಸ ತಾನೇ, ಹೋಗ್ಲಿ. ರೂಮಿಗೆ ಬೀಗ ಬಿದ್ರೆ ಐದು ಮಕ್ಕಳು ಬೀದಿಗೆ. ಆ ಡಾಕ್ಟರ್ ಚೀಟಿ ಸುಟ್ಟುಬಿಡು’ ಅಂದ್ರು. ನನಗೆ ಸುಡೋಕೆ ಮನಸ್ಸು ಬರಲಿಲ್ಲ.” ಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದು ಅವಳು ಮೇಜಿನ ಮೇಲಿಟ್ಟಳು. “ಇದನ್ನ ನಿಮಗೆ ತಂದುಕೊಟ್ಟ ದಿನ ಬೆಳಿಗ್ಗೆ ನೀವು ಇನ್ನೊಂದು ಮಗುವಿನ ಗಂಟಲಿನ ಕಫ ತೆಗೀತಿದ್ರಿ. ಓದಿ ಅಂದೆ. ‘ಸರಿ, ಸರಿ’ ಅಂದು ಒಂದೇ ಕೈಯಲ್ಲಿ ಬರೆದುಕೊಟ್ರಿ.”

ವೈದ್ಯರ ಅಚ್ಚುಕಟ್ಟಾದ ಅಕ್ಷರ: ಇಂದಿನಿಂದ ಶಾಲೆಯಲ್ಲಿ ಪ್ರತಿದಿನ ಹನ್ನೊಂದೂವರೆಗೆ ಬಾಯಿಯ ಮೂಲಕ ಐದು ಚಮಚ ಮೆತ್ತನೆಯ ಆಹಾರ ಕೊಡತಕ್ಕದ್ದು, ಯಾವ ಕಾರಣಕ್ಕೂ ನಿಲ್ಲಿಸಕೂಡದು.

ಅದರ ಕೆಳಗೆ, ಮೂರು ತಿಂಗಳ ಹಿಂದಿನ ತಾರೀಕು ಹಾಕಿ, ‘ಓದಿ ತಿಳಿದುಕೊಂಡಿದ್ದೇನೆ’ ಎಂಬ ಸಾಲಿನ ಮುಂದೆ, ದಾದಿಯದೇ ಸಹಿ.