ತೊಟ್ಟಿಲು ನಿಲ್ಲಬಾರದು

ಬಸಗೊಂಡನ ಗಾಡಿ ಅಂಗಳಕ್ಕೆ ಬಂದು ನಿಂತಾಗ ಹಾಲವ್ವ ಪಡಸಾಲೆಯಲ್ಲಿ ಜೋಳ ಬೀಸುತ್ತಿದ್ದಳು. ಬೀಸುವ ಕಲ್ಲಿನ ಗೂಟವನ್ನು ಬಿಗಿಯಾಗಿ ಹಿಡಿದಳು. ಕಲ್ಲು ನಿಲ್ಲಲಿಲ್ಲ. ಗಂಡಸರಿಗೆ ಬೆನ್ನು ಮಾಡಿ, ತಲೆತುಂಬ ಸೆರಗು ಹೊದ್ದು, ಗೋಡೆಗೆ ಮುಖ ಹಾಕಿ ಬೀಸುತ್ತಲೇ ಇದ್ದಳು.

ಗೋಡೆಯಾಚೆ ಬಾಣಂತಿಯ ಕೋಣೆ. ಬಾಗಿಲಿಗೆ ಕಂಬಳಿ ಇಳಿಬಿಟ್ಟಿತ್ತು. ಒಳಗೆ ತೊಟ್ಟಿಲು ಕಿರ್ ಕಿರ್ ಎಂದು ತೂಗುತ್ತಿತ್ತು.

“ಅತ್ತೀ, ಕೂಸನ್ನ ಒಯ್ಯಾಕ ಬಂದೀನಿ,” ಎಂದ ಬಸಗೊಂಡ. ಆರಾಮ ಇದ್ದೀರೇನು ಎಂಬ ಮಾತೂ ಇಲ್ಲ.

“ಕುಂದ್ರಿ ಗೌಡ್ರ. ನೀರ ಕುಡೀರಿ.”

“ನೀರ ಕುಡಿಯಾಕ ಬಿಳೂರಿಂದ ಬರಬೇಕೇನು?”

ಬಸಗೊಂಡ ಅವಳ ಅಳಿಯನ ಅಣ್ಣ. ಅಳಿಯ ಹಾವು ಕಡಿದು ಸತ್ತಾಗ ಮಗಳು ಇಂದ್ರಾಬಾಯಿ ಬಸುರಿ. ಹುಟ್ಟಿದ್ದು ಗಂಡು. ಇನ್ನೇನು, ಸತ್ತವನ ಪಾಲಿನ ಹೊಲವೆಲ್ಲ ಕೂಸಿನದು; ಕೂಸು ಯಾರ ಮನೆಯಲ್ಲಿ ಬೆಳೆಯುತ್ತದೋ ಹೊಲ ಅವರ ಕೈಯಲ್ಲಿ. ಮೇಲಾಗಿ ಬಸಗೊಂಡನ ಹೆಂಡತಿ ರುಕ್ಮವ್ವನ ಮಡಿಲು ಖಾಲಿ. ಹೆತ್ತ ಒಂದು ಕೂಸು ತೊಟ್ಟಿಲಲ್ಲೇ ತೀರಿಹೋಗಿತ್ತು. ಕೂಸು ಬೇಕು, ಕೂಸಿನ ತಾಯಿ ಬೇಡ. ಗೌಡನ ಆಸೆ ಇಷ್ಟೇ, ಪಾಪ! ಜತ್ತ ಸಂಸ್ಥಾನ ಹೋಗಿ ಸರಕಾರ ಬಂದಿತ್ತು, ಖರೆ. ಆದರೆ ಬಿಳೂರಿನ ಗೌಡನಿಗೆ ಎದುರು ನಿಲ್ಲುವ ಗಂಡಸು ಹಾಲವ್ವನ ಊರು ಅಸಂಗಿಯಲ್ಲಿ ಇನ್ನೂ ಹುಟ್ಟಿರಲಿಲ್ಲ.

“ಕೂಸು ಎದ್ದು ಹಾಲ ಕುಡೀಲಿ,” ಎಂದಳು ಹಾಲವ್ವ. “ಮಲಗಿದ್ದ ಕೂಸನ್ನ ತೊಟ್ಟಲದಾಗಿಂದ ಎತ್ತಬಾರದರಿ.”

ಅದು ಬಸಗೊಂಡನಿಗೂ ಗೊತ್ತು. ಬಾಣಂತಿಯ ಕೋಣೆಗೆ ಗಂಡಸು ಕಾಲಿಡಬಾರದೆಂಬುದೂ ಗೊತ್ತು. ಆಳು ಅಪ್ಪಾಸಾಬನನ್ನು ಹಿತ್ತಲ ಬಾಗಿಲಿಗೆ ನಿಲ್ಲಿಸಿ ತಾನು ಕಟ್ಟೆಯ ಮೇಲೆ ಕೂತ.

ಹೊತ್ತು ಏರಿತು. ಕಲ್ಲು ತಿರುಗುತ್ತಲೇ ಇತ್ತು. ಹೆದರಿಕೆಗೆ ಹಾಲವ್ವ ಕಾಳು ಹಾಕುವುದನ್ನೇ ಮರೆತಳು. ಕಲ್ಲಿಗೆ ಕಲ್ಲು ಉಜ್ಜಿ ಕರಕರ ಎಂದಿತು.

“ಎಷ್ಟ ಬೀಸ್ತೀರಿ ಅತ್ತೀ? ಊರಿಗೆಲ್ಲ ಊಟಾ ಹಾಕ್ತೀರೇನು?”

“ದೂರ ಹೋಗವ್ರು ಅದಾರಲ್ರಿ. ಅವರ ಸಲುವಾಗಿ.”

ಬಸಗೊಂಡ ಮೀಸೆ ತಿರುವಿದ. “ಮುಂಜಾನೆ ದಾರ್ಯಾಗ ಸಾಬರ ಸರದಾರ ಸಿಕ್ಕಿದ್ದ. ಹೊಲಿಗಿ ಮಶೀನ ರಿಪೇರಿ ಮಾಡ್ತಾನಲ್ಲ, ಅಂವ. ಗಾಡ್ಯಾಗ ಬುರ್ಖಾ ಹಾಕ್ಕೊಂಡ ಹೆಣ್ಣಮಕ್ಕಳಿದ್ರು ಅಂತ ನಾವ ಬದಿಗಿ ಸರದು ದಾರಿ ಬಿಟ್ಟಿವಿ. ನಿನ್ನಿ ಅಂವ ನಿಮ್ಮ ಮನ್ಯಾಗಿದ್ನಂತ?”

ಹಾಲವ್ವನ ಕೈ ಗಕ್ಕನೆ ನಿಂತಿತು. ಗೋಡೆಯಾಚೆ ತೊಟ್ಟಿಲಿನ ಸದ್ದೂ ನಿಂತಿತು. ಒಳಗಿದ್ದವಳು ನಮ್ಮ ಮಾತಿಗೆ ಕಿವಿಗೊಟ್ಟಿದ್ದಾಳೆ ಎಂದುಕೊಂಡ ಬಸಗೊಂಡ.

“ಹೌದರಿ. ಕಲ್ಲಿನ ಗೂಟ ಸಡ್ಲ ಆಗಿತ್ತು. ಬಡದ ಕೊಟ್ಟ ಹೋದ.”

ಕಲ್ಲು ಮತ್ತೆ ತಿರುಗಿತು. ತೊಟ್ಟಿಲೂ ಕಿರ್ ಎಂದಿತು.

ಮಧ್ಯಾಹ್ನ ದಾಟಿತು. ಅಪ್ಪಾಸಾಬ ಬಂದು ಗೌಡನ ಕಿವಿಯಲ್ಲಿ, “ಕೂಸಿನ ದನೀನ ಇಲ್ರಿ. ಒಳಗ ಯಾರೂ ಇಲ್ಲೋ ಏನೋ,” ಎಂದ.

“ಹುಚ್ಚ! ತೊಟ್ಟಲ ತೂಗೂದು ಕೇಳಂಗಿಲ್ಲೇನು? ಕೂಸಿಲ್ಲದ ಬರೇ ತೊಟ್ಟಲ ತೂಗಿದ್ರ ಕೂಸಿಗಿ ಕೇಡು. ಯಾವ ತಾಯಿ ತೂಗ್ಯಾಳು?”

ಹಾಗೆ ನಕ್ಕನೇ ಹೊರತು ಅನುಮಾನ ಹೋಗಲಿಲ್ಲ. ರುಕ್ಮವ್ವ ಗುಡ್ಡಾಪುರದಲ್ಲಿದ್ದಳು, ಮಡಿಲು ತುಂಬುವ ಮೊದಲು ದಾನಮ್ಮ ದೇವಿಗೆ ಕಾಯಿ ಒಡೆಸಲೆಂದು ಬೆಳಿಗ್ಗೆ ಅಲ್ಲೇ ಇಳಿದಿದ್ದಳು. “ಲಗೂನ ಹೋಗಿ ನಮ್ಮ ಮನ್ಯಾಕೀನ ಕರ್ಕೊಂಡ ಬಾ. ಹೆಣ್ಣಮಗಳು ಒಳಗ ಹೋದ್ರ ಯಾರ ಅಡ್ಡಿ?”

ಗಾಡಿ ಹೋದ ಸದ್ದಿಗೆ ಹಾಲವ್ವನ ಜೀವ ಬಾಯಿಗೆ ಬಂತು. ಗಂಡಸರನ್ನು ಬಾಗಿಲಲ್ಲಿ ತಡೆಯಬಹುದು. ಈ ಕೂಸಿಗಾಗಿ ಹಗಲಿರುಳು ಹಂಬಲಿಸಿದ ಹೆಂಗಸನ್ನು ಯಾವ ಶಾಸ್ತ್ರ ತಡೆದೀತು? ದಾನಮ್ಮಾ, ನೀನೇ ಗತಿ ಎಂದಳು. ಅಂಗೈಯ ಬೊಬ್ಬೆ ಒಡೆದು ಗೂಟಕ್ಕೆ ರಕ್ತ ಹತ್ತಿತು. ಆದರೂ ಬೀಸಿದಳು.

ಹೊತ್ತು ಇಳಿಯುವಾಗ ರುಕ್ಮವ್ವ ಬಂದಳು. ಉಡಿಯಲ್ಲಿ ದಾನಮ್ಮನ ಭಂಡಾರದ ಅರಿಸಿನ, ಕಂಕುಳಲ್ಲಿ ಕೂಸಿಗೆ ಹೊದಿಸಲು ಹೊಸ ದುಪಟಿ. ಯಾರನ್ನೂ ಮಾತಾಡಿಸದೆ ಕಂಬಳಿ ಸರಿಸಿ ಒಳಗೆ ಹೋದಳು.

ಇನ್ನು ಮುಗಿಯಿತು ಎಂದು ಹಾಲವ್ವ ಕಣ್ಣು ಮುಚ್ಚಿದಳು. ಒಳಗೆ ತೊಟ್ಟಿಲು ತೂಗುತ್ತಿತ್ತು. ಕೂಗಿಲ್ಲ, ಜಗಳವಿಲ್ಲ.

ಬಹಳ ಹೊತ್ತಿನ ಮೇಲೆ ರುಕ್ಮವ್ವ ಹೊರಬಂದಳು. ಕೈಯಲ್ಲಿ ದುಪಟಿ ಇರಲಿಲ್ಲ. ಕಣ್ಣು ಕೆಂಪಾಗಿದ್ದವು. ಗಂಡನನ್ನು ನೋಡಿದಳು. ಹಾಲವ್ವನ ಅಂಗೈ ನೋಡಿದಳು.

“ಕೂಸು ಮಲಗೇತಿ, ತಾಯಿ ತೂಗಾಕತ್ತಾಳ. ಕೂಸಿನ ಮೈ ಸುಡಾಕತ್ತೇತಿ. ಇವತ್ತ ಒಯ್ಯೂದ ಬ್ಯಾಡ. ನೀವ ಊರಿಗಿ ನಡೀರಿ. ನಾ ಇಲ್ಲೇ ಇದ್ದು ನಾಳಿ ಎತ್ಕೊಂಡ ಬರ್ತೀನಿ.”

ಬಸಗೊಂಡ ಗೊಣಗಿದ. ಆದರೆ ನಂಬಿದ. ಕೂಸು ಬೇಕಾಗಿದ್ದುದು ಅವಳ ಮಡಿಲಿಗೇ ಅಲ್ಲವೇ? ಅವಳೇಕೆ ಸುಳ್ಳು ಹೇಳಿಯಾಳು?

ಅವನು ಗಾಡಿ ಹೂಡಿಸಲು ಹೋದಾಗ ರುಕ್ಮವ್ವ ಕಲ್ಲಿನ ಪಕ್ಕ ಕೂತು ಗೂಟಕ್ಕೆ ಕೈಹಾಕಿದಳು. “ಕೈ ತಗೀರಿ ಯವ್ವಾ,” ಎಂದಳು ಮೆಲ್ಲಗೆ. “ಗಾಡಿ ಊರ ದಾಟೂತನಕ ನಾ ಬೀಸ್ತೀನಿ. ತೊಟ್ಟಲ ನಿಲ್ಲಬಾರದು.”

ಗೂಟದ ಬುಡಕ್ಕೆ ಸರದಾರ ಒಂದು ಕಬ್ಬಿಣದ ಬಳೆ ತೊಡಿಸಿದ್ದ. ಬಳೆಗೆ ಕಟ್ಟಿದ ಕೋಲು ಹಾಲವ್ವನ ಸೆರಗಿನ ಮರೆಯಲ್ಲೇ ಗೋಡೆಯ ತೂತು ಹಾಯ್ದು ಒಳಗಿನ ತೊಟ್ಟಿಲಿಗೆ ಸೇರಿತ್ತು. ಹೊಲಿಗೆ ಮಶೀನಿನ ಗಾಲಿ ಸುತ್ತಿದರೆ ಸೂಜಿ ಮೇಲೆ ಕೆಳಗೆ ಆಡುತ್ತದಲ್ಲ, ಹಾಗೆ ಕಲ್ಲು ಸುತ್ತಿದಂತೆ ಕೋಲು ಹಿಂದೆ ಮುಂದೆ ಆಡುತ್ತಿತ್ತು. ಕೋಣೆಯಲ್ಲಿ ಇಂದ್ರಾಬಾಯಿ ಇರಲಿಲ್ಲ; ಗೌಡ ತಾನೇ ಬದಿಗೆ ಸರಿದು ದಾರಿ ಬಿಟ್ಟ ಗಾಡಿಯಲ್ಲಿ, ಬುರ್ಖಾದೊಳಗೆ ಕೂಸನ್ನು ಅವುಚಿಕೊಂಡು, ಅವಳು ಸೋದರಮಾವನ ಊರಿಗೆ ಹೋಗಿದ್ದಳು. ಬರೇ ತೊಟ್ಟಿಲು ತೂಗಿದರೆ ಕೂಸಿಗೆ ಕೇಡೆಂದು ಹಾಲವ್ವ ತೊಟ್ಟಿಲಲ್ಲಿ ಗುಂಡಕಲ್ಲನ್ನು ಮಲಗಿಸಿದ್ದಳು. ಹೆಸರಿಡುವ ದಿನ ಶಾಸ್ತ್ರಕ್ಕೆಂದು ಕೂಸಿಗಿಂತ ಮೊದಲು ಕುಂಚಿಗೆ ಕಟ್ಟಿ ತೂಗಿದ್ದ ಅದೇ ಕಲ್ಲು.

ಅದಕ್ಕೆ ರುಕ್ಮವ್ವ ಹೊಸ ದುಪಟಿ ಹೊದಿಸಿ ಬಂದಿದ್ದಳು.